ಟೈಪ್-ಸಿ ಕೇಬಲ್ ನೋಡೋಕೆ ಒಂದೇ ಥರ, ಚಾರ್ಜ್ ಆಗೋದು ಒಂದೊಂದು ಥರ: ಕೊರತೆ ಎಲ್ಲಿದೆ ಅಂತ ಹುಡುಕೋದು ಹೇಗೆ?

ಸಂಜೆಗಾಳಿ ಕೇಳಿದ್ದು:

ಚಾರ್ಜರ್ ಒಂದೇ, 100 ವ್ಯಾಟ್‌ದು. ತೊಂದರೆ ಮೂರು.

ಲ್ಯಾಪ್‌ಟಾಪ್ ಒಂದು ಕೇಬಲ್‌ನಲ್ಲಿ ಸರಿಯಾಗಿ ಚಾರ್ಜ್ ಆಗುತ್ತೆ, ಇನ್ನೊಂದರಲ್ಲಿ ನಿಧಾನದ ಚಾರ್ಜರ್ ಅಂತ ಎಚ್ಚರಿಕೆ ತೋರಿಸುತ್ತೆ. ಟೈಪ್-ಸಿ ಇರೋ ಚಿಕ್ಕ ಟಾರ್ಚ್ ಇದೇ ಚಾರ್ಜರ್‌ನಲ್ಲಿ ಚಾರ್ಜೇ ಆಗಲ್ಲ, ಆದರೆ ಹಳೆಯ ಅಗಲ ಪಿನ್ನಿನ ಚಾರ್ಜರ್‌ಗೆ ಹಾಕಿದರೆ ಆಗುತ್ತೆ. ಫೋನ್ ಡಬ್ಬದ ಮೇಲೆ 80 ವ್ಯಾಟ್ ಅಂತ ಬರೆದಿದೆ, ಇಲ್ಲಿ ಮಾತ್ರ ಆಮೆ ನಡಿಗೆ. ಮೂರಕ್ಕೂ ಕಾರಣ ಒಂದೇನಾ? ಹೊಸ ಕೇಬಲ್ ಕೊಳ್ಳೋ ಮೊದಲು ಏನೇನು ನೋಡಬೇಕು?

ತಾಮ್ರತಂತಿ:

ಮೂರಕ್ಕೂ ಬೇರೆ ಬೇರೆ ಕಾರಣ. ಲ್ಯಾಪ್‌ಟಾಪ್‌ನದು ಕೇಬಲ್ ತೊಂದರೆ, ಅದನ್ನು ಹೇಳ್ತೀನಿ.

ಪ್ಲಗ್ ಚುಚ್ಚಿದ ಕೂಡಲೇ ಚಾರ್ಜರ್ 20 ವೋಲ್ಟ್ ಕೊಡಲ್ಲ. ಮೊದಲು 5 ವೋಲ್ಟ್ ಮಾತ್ರ. ಆಮೇಲೆ ಸಿಸಿ ಅನ್ನೋ ಪಿನ್ನಿನ ಮೂಲಕ ಚಾರ್ಜರ್ ತನ್ನ ಪಟ್ಟಿ ಹೇಳುತ್ತೆ: 5, 9, 15, 20 ವೋಲ್ಟ್, ಒಂದೊಂದಕ್ಕೂ ಇಷ್ಟಿಷ್ಟು ಆಂಪ್. ಲ್ಯಾಪ್‌ಟಾಪ್ ಅದರಲ್ಲಿ ತನಗೆ ಬೇಕಾದ್ದನ್ನು ಕೇಳುತ್ತೆ. ಇದೇ ಪವರ್ ಡೆಲಿವರಿ, ಪಿಡಿ.

ಈ ಮಾತುಕತೆಯಲ್ಲಿ ಕೇಬಲ್‌ಗೂ ಪಾಲಿದೆ. 3 ಆಂಪ್‌ಗಿಂತ ಹೆಚ್ಚು ಕೊಡಬೇಕಾದರೆ ಚಾರ್ಜರ್ ಮೊದಲು ಕೇಬಲ್‌ನ ಪ್ಲಗ್ ಒಳಗಿರೋ ಇ-ಮಾರ್ಕರ್ ಚಿಪ್ಪನ್ನು "ನೀನು 5 ಆಂಪ್ ತಡೀತೀಯಾ?" ಅಂತ ವಿಚಾರಿಸುತ್ತೆ. ಚಿಪ್ ಇಲ್ಲದಿದ್ದರೆ ಉತ್ತರ ಬರಲ್ಲ, ಚಾರ್ಜರ್ 3 ಆಂಪ್‌ಗೇ ನಿಲ್ಲುತ್ತೆ. 20 ವೋಲ್ಟ್ ಗುಣಿಸು 3 ಆಂಪ್, 60 ವ್ಯಾಟ್. ನಿಮ್ಮ ಎರಡನೇ ಕೇಬಲ್ ಬಹುಪಾಲು ಇಂಥದ್ದೇ. ಅದು ಕೆಟ್ಟಿಲ್ಲ, ಫೋನಿಗೆ ಧಾರಾಳವಾಗಿ ಸಾಕು.

ಈಗ ಕೊಳ್ಳೋದಾದರೆ 240 ವ್ಯಾಟ್ ಅಂತ ಗುರುತಿರೋದನ್ನೇ ಕೊಳ್ಳಿ. 2021ರ ಪಿಡಿ 3.1ರಲ್ಲಿ 28, 36, 48 ವೋಲ್ಟ್ ಸೇರಿಸಿದರು, 48 ವೋಲ್ಟ್ 5 ಆಂಪ್‌ಗೆ 240 ವ್ಯಾಟ್ ಆಗುತ್ತೆ. 100 ವ್ಯಾಟ್‌ನ ಚಾರ್ಜರ್‌ಗೂ ಆ ಕೇಬಲ್ ನಡೆಯುತ್ತೆ.

ಇನ್ನೊಂದು: ಚಾರ್ಜರ್‌ಗೆ ಎರಡು ಮೂರು ಪೋರ್ಟ್ ಇದ್ದರೆ 100 ವ್ಯಾಟ್ ಅನ್ನೋದು ಒಂದೇ ಪೋರ್ಟ್ ಬಳಸಿದಾಗಿನ ಲೆಕ್ಕ. ಎರಡನೆಯದಕ್ಕೆ ಏನಾದರೂ ಚುಚ್ಚಿದರೆ ಮೊದಲನೆಯದರ ಪಾಲು ಇಳಿಯುತ್ತೆ. ಪರೀಕ್ಷೆ ಮಾಡುವಾಗ ಉಳಿದ ಪೋರ್ಟ್ ಖಾಲಿ ಬಿಡಿ.

ಬೆಸುಗೆ:

ಟಾರ್ಚ್ ವಿಷಯ. ತಪ್ಪು ಟಾರ್ಚ್‌ನದೇ.

ಎರಡೂ ಕಡೆ ಟೈಪ್-ಸಿ ಇರೋ ಕೇಬಲ್‌ನಲ್ಲಿ, ಆ ಕಡೆ ಒಂದು ಸಾಧನ ಇದೆ ಅಂತ ಖಾತ್ರಿ ಆಗೋವರೆಗೂ ಚಾರ್ಜರ್ ಕರೆಂಟ್ ಬಿಡಬಾರದು ಅನ್ನೋದು ನಿಯಮ. ಖಾತ್ರಿ ಆಗೋದು ಸಾಧನದೊಳಗೆ ಸಿಸಿ ಪಿನ್ನಿಂದ ಗ್ರೌಂಡಿಗೆ ಹಾಕಿರೋ 5.1 ಕಿಲೋಓಮ್ ರೆಸಿಸ್ಟರ್‌ನಿಂದ. ಅಗ್ಗದ ಟಾರ್ಚ್, ಟ್ರಿಮ್ಮರ್, ಪುಟ್ಟ ಫ್ಯಾನ್ ಮಾಡೋರು ಇದನ್ನು ಕೈಬಿಡ್ತಾರೆ. ಅಗಲ ಪಿನ್ನಿನ ಟೈಪ್-ಎ ಚಾರ್ಜರ್‌ನಲ್ಲಿ ಸದಾ 5 ವೋಲ್ಟ್ ಇರುತ್ತೆ, ವಿಚಾರಣೆ ಇಲ್ಲ, ಹಾಗಾಗಿ ಅಲ್ಲಿ ನಡೆಯುತ್ತೆ.

ಸುಲಭದ ದಾರಿ ಅಂದ್ರೆ ಅದಕ್ಕೆ ಎ-ಟು-ಸಿ ಕೇಬಲ್ಲನ್ನೇ ಬಳಸೋದು. ಬೆಸುಗೆ ಗೊತ್ತಿದ್ದವರು ರೆಸಿಸ್ಟರ್ ಸೇರಿಸಬಹುದು, ಆದರೆ ಪೋರ್ಟಿನಲ್ಲಿ ಸಿಸಿ ಪಿನ್ನು ಎರಡಿರೋದರಿಂದ ಸಿಸಿ1ಕ್ಕೆ ಒಂದು, ಸಿಸಿ2ಕ್ಕೆ ಇನ್ನೊಂದು. ಎರಡನ್ನೂ ಕೂಡಿಸಿ ಒಂದೇ ಹಾಕಿದರೆ ಇ-ಮಾರ್ಕರ್ ಇರೋ ಕೇಬಲ್‌ನಲ್ಲಿ ಕೈಕೊಡುತ್ತೆ. 2019ರಲ್ಲಿ ಬಂದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡ್‌ಗಳಲ್ಲಿ ಆಗಿದ್ದು ಇದೇ ತಪ್ಪು. ಚಾರ್ಜರ್ ಅದನ್ನು ಆಡಿಯೋ ಅಡಾಪ್ಟರ್ ಅಂದುಕೊಂಡು ಕರೆಂಟೇ ಕೊಡ್ತಿರಲಿಲ್ಲ. ಮುಂದಿನ ಬೋರ್ಡ್‌ಗಳಲ್ಲಿ ಸರಿಪಡಿಸಿದರು.

ಓದುಗ_27:

ಫೋನಿನ 80 ವ್ಯಾಟ್ ಆ ಕಂಪನಿಯ ಸ್ವಂತ ಪದ್ಧತಿ ಇರಬೇಕು. ಡಬ್ಬದಲ್ಲಿ ಬಂದ ಚಾರ್ಜರ್ ಮೇಲೆ 11 ವೋಲ್ಟ್, 7.3 ಆಂಪ್ ಅನ್ನೋ ಥರ ಇದ್ದರೆ ಅನುಮಾನವೇ ಬೇಡ. ಟೈಪ್-ಸಿ ನಿಯಮದ ಮಿತಿ 5 ಆಂಪ್. ಅದಕ್ಕೂ ಮೀರಿ ಹೋಗೋದು ಅವರದೇ ಚಾರ್ಜರ್, ಅವರದೇ ಕೇಬಲ್ ಜೋಡಿಯಾದಾಗ ಮಾತ್ರ.

ಬೇರೆ ಚಾರ್ಜರ್‌ನಲ್ಲಿ ಫೋನ್ ಪಿಡಿಗೆ ಇಳಿಯುತ್ತೆ. ಅಲ್ಲಿ ನೋಡಬೇಕಾದ್ದು ಪಿಪಿಎಸ್, ಅಂದ್ರೆ ವೋಲ್ಟೇಜನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸಿ ಕೊಡೋ ಪಿಡಿಯ ಸೌಲಭ್ಯ. ಹಲವು ಫೋನ್‌ಗಳ ಒಳಗಿನ ಚಾರ್ಜ್ ಪಂಪ್ ಬಂದ ವೋಲ್ಟೇಜನ್ನು ಅರ್ಧ ಮಾಡಿ ಕರೆಂಟನ್ನು ದುಪ್ಪಟ್ಟು ಮಾಡುತ್ತೆ. ಬ್ಯಾಟರಿ 4 ವೋಲ್ಟ್ ಇದ್ದರೆ ಅದಕ್ಕೆ 8ರ ಆಸುಪಾಸು ಬೇಕು, ಬ್ಯಾಟರಿ ತುಂಬುತ್ತಾ ಹೋದಂತೆ ಇದೂ ಏರಬೇಕು. ಪಿಪಿಎಸ್ ಇರೋ ಚಾರ್ಜರ್ 20 ಮಿಲಿವೋಲ್ಟ್ ಹೆಜ್ಜೆಯಲ್ಲಿ ಏರಿಸಿ ಕೊಡುತ್ತೆ. ಬರೀ 9 ವೋಲ್ಟ್ ಕೊಟ್ಟರೆ ಇಳಿಸೋ ಕೆಲಸ ಫೋನಿನ ಒಳಗೇ ಆಗಬೇಕು, ಬಿಸಿ ಹೆಚ್ಚು, ಅದಕ್ಕೇ ಫೋನ್ ಕಡಿಮೆ ವ್ಯಾಟ್ ಕೇಳುತ್ತೆ. ಚಾರ್ಜರ್ ಹಿಂದಿನ ಸಣ್ಣ ಅಕ್ಷರಗಳಲ್ಲಿ "3.3–11 ವೋಲ್ಟ್" ಥರ ವ್ಯಾಪ್ತಿ ಬರೆದಿದ್ದರೆ ಅದೇ ಪಿಪಿಎಸ್. ಬಿಡಿ ಬಿಡಿ ಸಂಖ್ಯೆ ಮಾತ್ರ ಇದ್ದರೆ ಇಲ್ಲ.

ಸಂಜೆಗಾಳಿ:

ಎಲ್ಲರಿಗೂ ಧನ್ಯವಾದ. ಚಾರ್ಜರ್ ಹಿಂದೆ ಬಿಡಿ ಸಂಖ್ಯೆಗಳೇ ಇವೆ, 20 ವೋಲ್ಟ್ 5 ಆಂಪ್‌ವರೆಗೆ. ಕೇಬಲ್ ಮೇಲೆ ಏನೂ ಬರೆದಿಲ್ಲ. ಬರೆಯದ ಕೇಬಲ್ ಒಳ್ಳೇದಾ ಕೆಟ್ಟದ್ದಾ ಅಂತ ಅಳೆಯೋದು ಹೇಗೆ?

ತಾಮ್ರತಂತಿ:

ಟೈಪ್-ಸಿ ಮೀಟರ್ ಅಂತ ಸಿಗುತ್ತೆ, ಪ್ಲಗ್‌ಗೂ ಪೋರ್ಟ್‌ಗೂ ನಡುವೆ ಚುಚ್ಚೋ ಪುಟ್ಟ ಡಬ್ಬಿ, ವೋಲ್ಟ್ ಮತ್ತು ಆಂಪ್ ತೋರಿಸುತ್ತೆ. ಬ್ಯಾಟರಿ 20ರಿಂದ 50 ಶೇಕಡಾ ಒಳಗಿರುವಾಗ, ಫೋನ್ ತಣ್ಣಗಿದ್ದಾಗ, ಸ್ಕ್ರೀನ್ ಆರಿಸಿ ಅಳೆಯಿರಿ. 80 ದಾಟಿದ ಮೇಲೆ ಫೋನ್ ತಾನಾಗಿಯೇ ಕರೆಂಟ್ ಇಳಿಸುತ್ತೆ, ಆಗ ಅಳೆದು ಕೇಬಲ್ಲನ್ನು ದೂರೋದು ನ್ಯಾಯವಲ್ಲ.

ಮೀಟರನ್ನು ಒಮ್ಮೆ ಚಾರ್ಜರ್ ಕಡೆ, ಒಮ್ಮೆ ಸಾಧನದ ಕಡೆ ಇಟ್ಟು ನೋಡಿ. ಎರಡು ವೋಲ್ಟೇಜಿನ ಅಂತರವೇ ಕೇಬಲ್ ತಿಂದಿದ್ದು. ಪೂರ್ತಿ ಕರೆಂಟ್ ಹರಿಯುವಾಗ ನಿಯಮದ ಪ್ರಕಾರ ಹೋಗೋ ತಂತಿಯಲ್ಲಿ 0.5, ಬರೋ ತಂತಿಯಲ್ಲಿ 0.25, ಒಟ್ಟು 0.75 ವೋಲ್ಟ್ ದಾಟಬಾರದು.

ತಂತಿಯ ದಪ್ಪ ಎಷ್ಟು ಮುಖ್ಯ ನೋಡಿ. 28 ಗೇಜ್ ತಾಮ್ರಕ್ಕೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.21 ಓಮ್. ಒಂದು ಮೀಟರ್ ಕೇಬಲ್ ಅಂದ್ರೆ ಹೋಗಿ ಬರೋದು ಎರಡು ಮೀಟರ್, 0.42 ಓಮ್. 3 ಆಂಪ್ ಹರಿದರೆ 1.26 ವೋಲ್ಟ್ ನಷ್ಟ, ಸುಮಾರು 3.8 ವ್ಯಾಟ್ ಬರೀ ಕೇಬಲ್ ಬಿಸಿ ಮಾಡೋಕೆ ಹೋಯ್ತು. ಅದೇ 20 ಗೇಜ್‌ನಲ್ಲಿ ನಷ್ಟ 0.2 ವೋಲ್ಟ್ ಅಷ್ಟೇ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಪೂರ ಅನ್ನೋದು ನೆನಪಿರಲಿ.

ಬೆಸುಗೆ:

ಅಳೆಯೋ ಮೊದಲು ಪೋರ್ಟ್ ನೋಡಿ. ಪ್ಲಗ್ ಟಿಕ್ ಅಂತ ಕೂರದೆ ಒಂದು ಮಿಲಿಮೀಟರ್ ಹೊರಗೇ ನಿಂತರೆ ಒಳಗೆ ಜೇಬಿನ ನೂಲುಧೂಳು ಗಟ್ಟಿಯಾಗಿ ಕೂತಿರುತ್ತೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿ ಸಪೂರ ಮಾಡಿಕೊಂಡು, ನಡುವಿನ ನಾಲಿಗೆ ತಾಗದ ಹಾಗೆ ಅಂಚಿನಿಂದ ಮೀಟಿ ತೆಗೆಯಿರಿ. ಗುಂಡುಸೂಜಿ, ಪಿನ್ನು ಬೇಡವೇ ಬೇಡ. ಪಿನ್ನುಗಳ ನಡುವೆ ಅರ್ಧ ಮಿಲಿಮೀಟರ್ ಅಂತರ ಅಷ್ಟೇ. ಕರೆಂಟ್ ಬರೋ ಪಿನ್ನಿನ ಪಕ್ಕದಲ್ಲೇ ಸಿಸಿ ಪಿನ್ನಿದೆ. ಲೋಹದಿಂದ ಕೆರೆದು ಪಿನ್ ಬಾಗಿಸಿದರೆ, ಮುಂದೆ 20 ವೋಲ್ಟ್ ಬಂದಾಗ ಅವೆರಡೂ ತಾಗಿ ಚಾರ್ಜಿಂಗ್ ಚಿಪ್ ಸುಟ್ಟು ಹೋಗುತ್ತೆ.

ಓದುಗ_27:

240 ವ್ಯಾಟ್ ಕೇಬಲ್ ಕೊಳ್ಳೋ ಮುಂಚೆ ಒಂದು ಮಾತು. ಲ್ಯಾಪ್‌ಟಾಪನ್ನು ಮಾನಿಟರ್‌ಗೋ ಹೊರಗಿನ ಎಸ್‌ಎಸ್‌ಡಿಗೋ ಅದರಲ್ಲೇ ಜೋಡಿಸೋ ಯೋಚನೆ ಇದ್ದರೆ ಡೇಟಾ ವೇಗವನ್ನೂ ನೋಡಿ. ವ್ಯಾಟ್‌ಗೂ ವೇಗಕ್ಕೂ ಸಂಬಂಧ ಇಲ್ಲ. 240 ವ್ಯಾಟ್‌ನ ಎಷ್ಟೋ ಕೇಬಲ್‌ಗಳು ಯುಎಸ್‌ಬಿ 2.0 ವೇಗದವು, 480 ಮೆಗಾಬಿಟ್. ಅವುಗಳಲ್ಲಿ ವೇಗದ ಡೇಟಾ ತಂತಿಗಳೇ ಇರಲ್ಲ, ಮಾನಿಟರ್‌ಗೆ ಚಿತ್ರ ಬರಲ್ಲ. 40 ಗಿಗಾಬಿಟ್, 240 ವ್ಯಾಟ್ ಎರಡೂ ಬರೆದಿರೋದು ಸಿಗುತ್ತೆ, ದಪ್ಪ, ಉದ್ದ ಹೆಚ್ಚಾಗಿ ಒಂದು ಮೀಟರಿನೊಳಗೆ. ಬರೀ ಚಾರ್ಜ್‌ಗಾದರೆ 480ರದ್ದೇ ವಾಸಿ, ಎರಡು ಮೀಟರ್ ಉದ್ದದ್ದೂ ಸಿಗುತ್ತೆ, ಬಳುಕುತ್ತೆ.