ಗುಬ್ಬಿ ಹತ್ತಿರ ಎರಡೂಕಾಲು ಎಕರೆ ಕೊಂಡಿದ್ದೇವೆ, ಮೊದಲ ಮೂರು ವರ್ಷ ಹೇಗೆ? ಅನುಭವ ಹೇಳಿ

ಗುಬ್ಬಿಯ ಹೊಸಬ: ಎಲ್ಲರಿಗೂ ನಮಸ್ಕಾರ. ಕೆಂಪು ಮಣ್ಣು, ಸ್ವಲ್ಪ ಇಳಿಜಾರು, ಒಂದು ಹಳೇ ಹುಣಸೆ ಮರ. ಬಿಟ್ಟರೆ ಏನೂ ಇಲ್ಲ. ಕೈಯಲ್ಲಿ 12 ಲಕ್ಷ ಉಳಿದಿದೆ. ನಾನು, ಹೆಂಡತಿ ಬೆಂಗಳೂರು ಬಿಟ್ಟು ಬಂದು ಅಲ್ಲೇ ಇರುವ ಯೋಚನೆ. ಮೊದಲು ಸಣ್ಣ ಮನೆಯೋ, ಬೋರೋ, ಬೇಲಿಯೋ? ಮಾಡಿದವರು ದಯವಿಟ್ಟು ಹೇಳಿ.

ಶಿರಾ ಸೀಮೆ: ಬೋರು. ಮಿಕ್ಕಿದ್ದೆಲ್ಲ ಆಮೇಲೆ. ನನ್ನ ಲೆಕ್ಕ ಬರೆದುಕೊಳ್ಳಿ. ಮೊದಲನೇ ಪಾಯಿಂಟು 780 ಅಡಿ, ಬರೀ ದೂಳು. 300 ಅಡಿವರೆಗೆ ಅಡಿಗೆ 100 ರೂಪಾಯಿ, ಆಮೇಲೆ ಪ್ರತಿ ನೂರಡಿಗೆ ಹತ್ತು ಹತ್ತು ಏರಿಸುತ್ತಾರೆ. 92,000 ಆಯಿತು. ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು 60 ಅಡಿ, 25,200. ಆ ಕೇಸಿಂಗ್ ವಾಪಸ್ ಎಳೆಯಲು ಹೋದರೆ ಅರ್ಧಕ್ಕೇ ಮುರಿಯಿತು. ಎರಡನೆಯದು 900 ಅಡಿ, 1,11,000. ಕೇಸಿಂಗ್ 80 ಅಡಿ, 33,600. ಎರಡಿಂಚು ನೀರು ಬಂತು (ಬೋರಿನ ನೀರನ್ನು ಇಂಚಿನಲ್ಲೇ ಅಳೆಯುವುದು). 10 ಎಚ್‌ಪಿ ಮೋಟರ್ 68,000, ಕೇಬಲ್ 76,500, ನೀರು ಮೇಲೆತ್ತುವ ಕಾಲಂ ಪೈಪು 42ಕ್ಕೆ 52,500, ಪ್ಯಾನೆಲ್ ಬೋರ್ಡ್ 14,000. ಒಟ್ಟು 4,72,800. ಕಂಬ, ವೈರು ಇದರಲ್ಲಿ ಸೇರಿಲ್ಲ. ಇವತ್ತು ಒಂದೂವರೆ ಎಕರೆ ಅಡಿಕೆ ನಿಂತಿದೆ ಅಂದರೆ ಆ ಬೋರಿಂದ. 9×9 ಅಡಿ ಅಂತರ, ಎಕರೆಗೆ 530ರ ಮೇಲೆ ಗಿಡ, ನೆರಳಿಗೆ ಮಧ್ಯೆ ಏಲಕ್ಕಿ ಬಾಳೆ. ಊರವರೆಲ್ಲ ನಕ್ಕಿದ್ದರು. ಈಗ ಅವರೇ ಬಂದು ಗಿಡ ಎಲ್ಲಿ ತಂದಿರಿ ಅಂತ ಕೇಳುತ್ತಾರೆ.

ಮಧುಗಿರಿ ಅಕ್ಕ: ನಾಲ್ಕು ಮುಕ್ಕಾಲು ಲಕ್ಷ ನೆಲದೊಳಗೆ ಹಾಕಿ ಅದನ್ನೇ ಹೆಮ್ಮೆ ಅಂತೀರಲ್ಲ ಅಣ್ಣ. ನಮ್ಮದು ಬೋರಿಲ್ಲದ ಜಮೀನು. ಬೇಕಂತಲೇ ಬೋರ್ ಹಾಕಿಲ್ಲ. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಮಳೆ ಅಂದುಕೊಳ್ಳಿ, ಒಂದು ಎಕರೆ ಮೇಲೆ ಬೀಳುವುದೇ 24 ಲಕ್ಷ ಲೀಟರ್. ಅದು ಹಳ್ಳಕ್ಕೆ ಹರಿದು ಹೋಗುವುದನ್ನು ನೋಡುತ್ತಾ 900 ಅಡಿ ಕೆಳಗೆ ಹುಡುಕುವುದೇಕೆ?

ಮೊದಲ ವರ್ಷ ಬದು ಹಾಕಿಸಿದೆವು, ಇಳಿಜಾರಿಗೆ ಅಡ್ಡಲಾಗಿ. ತಗ್ಗಿನ ಮೂಲೆಯಲ್ಲಿ 21×21 ಮೀಟರ್, 3 ಮೀಟರ್ ಆಳದ ಕೃಷಿ ಹೊಂಡ. ತುಂಬಿದರೆ 9 ಲಕ್ಷ ಲೀಟರ್ ಮೇಲೆ. ಜೆಸಿಬಿ ಗಂಟೆಗೆ 1,200ರಂತೆ 31 ಗಂಟೆ, 37,200. ನೀರು ಇಂಗದಂತೆ ಹೊಂಡಕ್ಕೆ ಹಾಸುವ ಟಾರ್ಪಾಲಿನ್ ಶೀಟು 68,000. ಸುತ್ತ ಬೇಲಿ 22,000. ಬೇಲಿ ಬೇಡ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪಕ್ಕದವರ ನಾಯಿ ಬಿದ್ದು ಜಾರುವ ಶೀಟಿನ ಮೇಲೆ ಹತ್ತಲಾಗದೆ ರಾತ್ರಿಯೆಲ್ಲ ಒದ್ದಾಡಿತು. ಬೆಳಿಗ್ಗೆ ನಾವು ನೋಡಿ ಹಗ್ಗ ಬಿಟ್ಟು ಎತ್ತಿದೆವು. ಅದರ ಉಗುರಿನ ಗೀರು ಶೀಟಿನ ಮೇಲೆ ಉದ್ದಕ್ಕೂ ಇನ್ನೂ ಇವೆ, ಮೂರು ಕಡೆ ತೇಪೆ ಹಾಕಿಸಿದೆವು. ಈಗ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇವೆ.

ರಾಗಿ, ತೊಗರಿ, ಅವರೆ, ಅಂಚಿಗೆ ಸೀತಾಫಲ, ನೇರಳೆ. ಇವಕ್ಕೆ ಇಷ್ಟು ನೀರು ಸಾಕು.

ಶಿರಾ ಸೀಮೆ: ಏಪ್ರಿಲ್‌ನಲ್ಲಿ ನಿಮ್ಮ ಹೊಂಡದ ಫೋಟೋ ಹಾಕಿ ಅಕ್ಕ, ನೋಡೋಣ. ಬಿಸಿಲಿಗೆ ಆವಿಯಾಗಿ ತಳದಲ್ಲಿ ಪಾಚಿ ಇರುತ್ತದೆ ಅಷ್ಟೇ.

ಮಧುಗಿರಿ ಅಕ್ಕ: ಏಪ್ರಿಲ್‌ನಲ್ಲಿ ನನ್ನ ಹೊಲದಲ್ಲಿ ಬೆಳೆಯೇ ಇರುವುದಿಲ್ಲ, ನೀರು ಯಾರಿಗೆ? ನಿಮ್ಮ ಎರಡಿಂಚು ಈ ಬೇಸಿಗೆಯಲ್ಲಿ ಎಷ್ಟಿತ್ತು, ಅದನ್ನೂ ಹೇಳಿ.

ಶಿರಾ ಸೀಮೆ: ಒಂದು. ಎಲ್ಲರದ್ದೂ ಇಳಿದಿತ್ತು. ಟ್ಯಾಂಕರ್ ಹೊಡೆಸಿದೆ, ಗಿಡ ಒಂದೂ ಸಾಯಲಿಲ್ಲ.

ತೀರ್ಥಹಳ್ಳಿ ತೋಟದವ: ಟ್ಯಾಂಕರ್ ನೀರಲ್ಲಿ ಅಡಿಕೆ! ಇದನ್ನು ಓದುವ ಕರ್ಮ ನಮಗೆ. ಹೊಸಬರೇ, ನಮ್ಮಜ್ಜನ ಕಾಲದ ತೋಟ ನಮ್ಮದು. ತೋಟಕ್ಕೆ ಹಾಸಲು ಸೊಪ್ಪಿನ ಬೆಟ್ಟದಿಂದ ಸೊಪ್ಪು ಬರಬೇಕು, ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಬಿಡದಿದ್ದರೆ ಮತ್ತೆ ಹೊಡೆಯಬೇಕು, ಇಲ್ಲದಿದ್ದರೆ ಕಾಯಿಗೆ ಕೊಳೆ ರೋಗ. ಕೊಳೆ ಮುಗಿಯಿತು ಅನ್ನುವಷ್ಟರಲ್ಲಿ ಎಲೆಚುಕ್ಕಿ ರೋಗ. ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ ಅಂತ ಫೈಬರ್ ದೋಟಿ (ಉದ್ದನೆಯ ಕೋಲು) ತಂದೆ, 72,000. ಅದನ್ನು ಹಿಡಿದು ಔಷಧಿ ಹೊಡೆಯಲು ಬರುವವನಿಗೂ ಮುಂಗಡ ಕೊಡಬೇಕು. ಇಷ್ಟೆಲ್ಲ ಮಾಡಿ ನಾವು ಬೆಳೆದರೆ, ಬಯಲುಸೀಮೆಯಲ್ಲಿ ರಾಗಿ ಹೊಲ ಕಿತ್ತು ಅಡಿಕೆ ಹಾಕುತ್ತಾರೆ. ನಾಳೆ ಬೆಲೆ ಬಿದ್ದರೆ ನಿಮಗೆ ರಾಗಿ ಇದೆ. ನಮಗೇನಿದೆ?

ಶಿರಾ ಸೀಮೆ: ಅಡಿಕೆ ನಿಮ್ಮಪ್ಪನ ಆಸ್ತಿನಾ ಸ್ವಾಮಿ? ನಾವು ರಾಗಿ ಬೆಳೆದುಕೊಂಡೇ ಇರಬೇಕಾ? ಬೆಲೆ ಬಂದಾಗ ನೀವು ಹಂಚಿಕೊಟ್ಟಿದ್ದು ನೆನಪಿಲ್ಲ ನನಗೆ.

ತೀರ್ಥಹಳ್ಳಿ ತೋಟದವ: ಅಪ್ಪನ ಸುದ್ದಿಗೆ ಬರಬೇಡಿ. ಇನ್ನು ಹತ್ತು ವರ್ಷಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಕುಡಿಯಲು ನೀರಿರಲ್ಲ, ಆಗ ಮಾತಾಡೋಣ.

ಸರ್ವೆ ನಂಬರ್: ನಿಮ್ಮ ಅಡಿಕೆ ಜಗಳ ಆಚೆ ಇಟ್ಟುಕೊಳ್ಳಿ. ಹೊಸಬರೇ, ಪೋಡಿ, ಅಂದರೆ ಒಂದೇ ಸರ್ವೆ ನಂಬರಿನ ಜಮೀನನ್ನು ಅಳೆದು ಒಬ್ಬೊಬ್ಬರ ಹೆಸರಿಗೆ ಬೇರೆ ಮಾಡುವುದು, ಆಗಿದೆಯಾ? ನನ್ನದು ಕುಣಿಗಲ್ ಕಡೆ. ಪಹಣಿಯಲ್ಲಿ ನನ್ನ ಜೊತೆ ಇನ್ನೂ ನಾಲ್ಕು ಜನರ ಹೆಸರು. ಸಾಲ ಬೇಕಂದರೂ ಪೋಡಿ ಕೇಳುತ್ತಾರೆ, ಸಬ್ಸಿಡಿ ಬೇಕಂದರೂ ಅದೇ. ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಹಾಕಲ್ಲ ಅಂತ ಕೂತರು. ಅಷ್ಟರಲ್ಲಿ ಪಕ್ಕದವರು ದಾರಿಗೆ ಕಲ್ಲು ನೆಟ್ಟರು. ಕೊಳ್ಳುವಾಗ ಎತ್ತಿನಗಾಡಿ ಹೋಗುವಷ್ಟು ದಾರಿ ಕಣ್ಣಿಗೆ ಕಾಣುತ್ತಿತ್ತು, ಎಲ್ಲರೂ ಓಡಾಡುತ್ತಿದ್ದರು. ಆದರೆ ಅದು ಸರ್ಕಾರಿ ನಕಾಶೆಯಲ್ಲಿರುವ ದಾರಿ ಅಲ್ಲ. ಇಟ್ಟಿಗೆ ಲಾರಿ ಮುಖ್ಯರಸ್ತೆಯಲ್ಲೇ ಸುರಿದು ಹೋಯಿತು. ಅಲ್ಲಿಂದ ತಲೆಹೊರೆಯಲ್ಲಿ ಸಾಗಿಸಲು ಕೂಲಿ 18,400. ಇಟ್ಟಿಗೆಯ ಬೆಲೆ 26,000! ಹದ್ದುಬಸ್ತು (ಸರ್ವೆಯವರಿಂದ ಗಡಿ ಅಳತೆ) ಮಾಡಿಸಿ ನಾಲ್ಕು ಮೂಲೆಗೂ ಕಲ್ಲು ನೆಡಿಸುವ ತನಕ ಒಂದು ತೆಂಗಿನ ಸಸಿಯನ್ನೂ ಇಡಬೇಡಿ.

ಗುಬ್ಬಿಯ ಹೊಸಬ: ಪೋಡಿ ಆಗಿದೆ ಸಾರ್, ದಾರಿಯೂ ನಕಾಶೆಯಲ್ಲಿದೆ. ಮನೆ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಎರಡು ನಾಟಿ ಹಸು ತರಬೇಕು ಅಂತಿದ್ದೇವೆ, ಗೊಬ್ಬರಕ್ಕೆ.

ಸರ್ವೆ ನಂಬರ್: ಪೋಡಿ ಆಗಿದೆ ಅಂತ ಮಾರಿದವರು ಹೇಳಿದ್ದಾ, ನೀವೇ ನೋಡಿದ್ದಾ?

ಗೋಮಾಳ: ತನ್ನಿ, ಖಂಡಿತ ತನ್ನಿ. ಒಂದು ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೈಸರ್ಗಿಕ ಕೃಷಿಯ ಪಾಳೇಕರ್ ಅವರು ಹೇಳಿದ ಜೀವಾಮೃತ. ನಾವು ಅಂಗಡಿಯ ಗೊಬ್ಬರ ಮುಟ್ಟಿಲ್ಲ. ನಮ್ಮ ತೆಂಗು ಬಂದು ನೋಡಿ.

ಮಧುಗಿರಿ ಅಕ್ಕ: ಹುಲ್ಲಿನ ಲೆಕ್ಕ ಬರೆಯಲಿಲ್ಲವಲ್ಲ? ನಾವೂ ಎರಡು ಹಸು ಕಟ್ಟಿದ್ದೆವು. ಬೇಸಿಗೆಗೆ ಒಂದು ಟ್ರ್ಯಾಕ್ಟರ್ ಲೋಡು ರಾಗಿ ಹುಲ್ಲು, ಬಾಡಿಗೆ ಸೇರಿ 14,500. ಹಾಲು ಮನೆಗೇ ಸಾಲದು. ಯಾವ ಮದುವೆಗೂ ಗಂಡ ಹೆಂಡತಿ ಒಟ್ಟಿಗೆ ಹೋಗುವಂತಿಲ್ಲ. ಮಾರಿದೆವು, ಈಗ ಊರಿನವರಿಂದ ತಿಪ್ಪೆಗೊಬ್ಬರ ಕೊಳ್ಳುತ್ತೇವೆ.

ಗೋಮಾಳ: ಮಾರಿದ ಹಸು ಎಲ್ಲಿಗೆ ಹೋಯಿತು ಅಂತ ವಿಚಾರಿಸಿದಿರಾ?

ಮಧುಗಿರಿ ಅಕ್ಕ: ಪಕ್ಕದ ಊರಿನ ನಮ್ಮ ಅತ್ತಿಗೆ ಮನೆಗೆ. ಇನ್ನೇನಾದರೂ ಕೇಳುವುದಿದೆಯಾ?

ಶಿರಾ ಸೀಮೆ: ಬೋರ್ ಬೇಡ, ಅಡಿಕೆ ಬೇಡ, ಹಸು ಬೇಡ. ಅಕ್ಕ, ನಿಮಗೆ ಪಟ್ಟಣವೇ ಸರಿ.

ಮಧುಗಿರಿ ಅಕ್ಕ: ಹೊಸಬರೇ, ಇವರ ಮಾತು ಬಿಡಿ. ಮನೆ ಕಟ್ಟುವ ಮುಂಚೆ ಒಂದು ಮಳೆಗಾಲ ಸುಮ್ನೆ ನೋಡಿ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತೆ ಅಂತ. ಅಲ್ಲಿವರೆಗೆ ಒಂದು ಶೀಟಿನ ರೂಮು ಸಾಕು, ಸಾಮಾನಿಡಲು. ಮಳೆಗಾಲದಲ್ಲೇ ಬೇಲಿ ಸಾಲಿಗೆ ಗ್ಲಿರಿಸಿಡಿಯಾ ಕಡ್ಡಿ ನೆಡಿ, ಖರ್ಚಿಲ್ಲ, ಗೊಬ್ಬರಕ್ಕೆ ಸೊಪ್ಪೂ ಸಿಗುತ್ತೆ.

ಸರ್ವೆ ನಂಬರ್: ಬೇಲಿ ಸಾಲು ಅಂದರೆ ಯಾವ ಸಾಲು? ಹದ್ದುಬಸ್ತು ಆಗದೆ ಬೇಲಿ ನೆಟ್ಟರೆ ನಾಳೆ ಕೀಳಬೇಕಾಗುತ್ತೆ. ನಾನು ಹೇಳಿದ್ದನ್ನು ಯಾರೂ ಓದುತ್ತಲೇ ಇಲ್ಲ.

ಶಿರಾ ಸೀಮೆ: ಓದಿದ್ದೇವೆ ಸಾರ್. ಅಕ್ಕ, ಆ ಹೊಂಡದ ಶೀಟು 68,000 ಅಂದಿರಲ್ಲ, ದಪ್ಪ 500 ಮೈಕ್ರಾನ್‌ದಾ? ಎಷ್ಟು ವರ್ಷ ಬಂತು?