ಸಹಾಯ ಬೇಕು: ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹೊರವಲಯದಲ್ಲಿರುವ ನಮ್ಮ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಮೈದಾನದ ಹುಲ್ಲು ಕತ್ತರಿಸುವ, ಪೆಟ್ರೋಲ್ ಎಂಜಿನ್ನಿನ ಟ್ರ್ಯಾಕ್ಟರೊಂದನ್ನು ಕೊಟ್ಟಿದ್ದಾರೆ. ಅದರ ಜೊತೆ ಕೈಪಿಡಿ ಬಂದಿಲ್ಲ. ಬ್ರೇಕ್ ಪೆಡಲ್ ಪೂರ್ತಿ ಒತ್ತಿ, ಬ್ಲೇಡಿನ ಸ್ವಿಚ್ ಆಫ್ ಇಟ್ಟರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ, ಬ್ಲೇಡ್ ತಿರುಗುವಾಗ ಸೀಟಿನಿಂದ ಎದ್ದರೆ ತಾನಾಗಿಯೇ ನಿಲ್ಲುತ್ತದೆ. ಇವು ಸುರಕ್ಷತೆಗಾಗಿ ಇರುವ ವ್ಯವಸ್ಥೆಗಳು. ಇವು ಕೆಲಸ ಮಾಡದಂತೆ ಸ್ವಿಚ್ಚುಗಳ ವೈರನ್ನು ನೇರವಾಗಿ ಜೋಡಿಸಿಬಿಡಿ ಎಂದು ಒಬ್ಬ ಮೆಕ್ಯಾನಿಕ್ ಕೊಟ್ಟ ಸಲಹೆಯನ್ನು, ಮಕ್ಕಳು ಓಡಾಡುವ ಜಾಗವಾದ್ದರಿಂದ ನಾವು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ತೊಡಕಿರುವುದು ಹಿಂದಕ್ಕೆ ಬರುವಾಗ. ಬ್ಲೇಡ್ ತಿರುಗುತ್ತಿರುವಾಗ ರಿವರ್ಸ್ ಪೆಡಲ್ ಒತ್ತಿದ ಕೂಡಲೇ ಎಂಜಿನ್ ಬಂದ್ ಆಗುತ್ತದೆ. ಕೆಲವು ಮಾದರಿಗಳಲ್ಲಿ ಕೀಲಿಯನ್ನು ಬೇರೊಂದು ಗುರುತಿಗೆ ತಿರುಗಿಸಿ, ಹಿಂದೆ ನೋಡಿಕೊಂಡು ಕತ್ತರಿಸುವ ಅವಕಾಶವಿರುತ್ತದೆ; ನಮ್ಮದರಲ್ಲಿ ಅಂಥ ಗುರುತು ಕಾಣುತ್ತಿಲ್ಲ. ಹಾಗಿದ್ದರೆ ಪ್ರತಿ ಸಲವೂ ಬ್ಲೇಡ್ ನಿಲ್ಲಿಸಿಯೇ ಹಿಂದೆ ಬರಬೇಕೇ, ಅಥವಾ ಪ್ರತ್ಯೇಕ ಗುಂಡಿ ಎಲ್ಲಾದರೂ ಇರುತ್ತದೆಯೇ?

ಮೈದಾನದ ಒಂದು ಬದಿ ಭದ್ರಾ ನಾಲೆಯ ಕಡೆಗೆ ಇಳಿಜಾರಾಗಿದೆ. ಇಂಥ ಗಾಡಿಯನ್ನು ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸದೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಬೇಕು, 15 ಡಿಗ್ರಿಗಿಂತ ಕಡಿದಾದ ಕಡೆ ಇಳಿಸಲೇಬಾರದು ಎಂಬ ನಿಯಮವನ್ನು ಪಾಲಿಸುತ್ತಿದ್ದೇವೆ. ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿರುವುದರಿಂದ ಮೊದಲ ಸುತ್ತಿಗೆ ಕತ್ತರಿಸುವ ಎತ್ತರದ ಲಿವರನ್ನು ಅತಿ ಮೇಲಿನ ಕಚ್ಚಿನಲ್ಲಿಟ್ಟು, ಎಂಜಿನ್ ವೇಗದ ಥ್ರಾಟಲನ್ನು ಪೂರ್ತಿ ವೇಗ ಸೂಚಿಸುವ ಮೊಲದ ಚಿತ್ರದವರೆಗೆ ಒಯ್ದು, ಗಾಡಿಯನ್ನು ಮಾತ್ರ ನಿಧಾನವಾಗಿ ಸಾಗಿಸುವುದು ಸರಿಯೇ ಎಂಬುದನ್ನೂ ತಿಳಿಸಿ.

ದಾವಣಗೆರೆ, ಹರಿಹರದ ಕಡೆ ಇದನ್ನು ಓಡಿಸಿ ಅನುಭವವಿರುವವರು ಒಮ್ಮೆ ಬಂದು ನಮ್ಮ ಮಾಲಿಗೆ ತೋರಿಸಿಕೊಟ್ಟರೆ ಬಹಳ ಉಪಕಾರವಾಗುತ್ತದೆ. ಬಂದು ಹೋಗುವ ಖರ್ಚನ್ನು ಶಾಲೆಯೇ ಕೊಡುತ್ತದೆ.