ಸಹಾಯ ಬೇಕು: ಅಪ್ಪನ ಎದೆಯಲ್ಲಿ ಲೂಪ್ ರೆಕಾರ್ಡರ್, ಮನೆಯಲ್ಲಿ ನೆಟ್‌ವರ್ಕ್ ಇಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 67 ವರ್ಷ. ದೀಪಾವಳಿ ಮುಗಿದ ವಾರ ಸ್ಟ್ರೋಕ್ ಆಯಿತು. ಮಾತು ಸರಿಯಾಗಿದೆ, ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ. ಸ್ಕ್ಯಾನ್, ಎಕೋ (ಹೃದಯದ ಸ್ಕ್ಯಾನ್), ಹೋಲ್ಟರ್ (ಒಂದೆರಡು ದಿನ ಮೈಮೇಲೆ ಇರುವ ಇಸಿಜಿ) ಎಲ್ಲ ಮಾಡಿದರೂ ಕಾರಣ ಸಿಗಲಿಲ್ಲ. ಎದೆಬಡಿತ ಆಗಾಗ ತಾಳ ತಪ್ಪುತ್ತಿರಬಹುದು (ಏಟ್ರಿಯಲ್ ಫಿಬ್ರಿಲೇಶನ್), ಒಂದೆರಡು ದಿನದ ಇಸಿಜಿಗೆ ಅದು ಸಿಕ್ಕಿಬೀಳದೇ ಇರಬಹುದು ಅಂತ ಡಾಕ್ಟರು ಎದೆಯ ಎಡಗಡೆ ಚರ್ಮದಡಿ ಲೂಪ್ ರೆಕಾರ್ಡರ್ (ಎದೆಬಡಿತವನ್ನು ಸದಾ ದಾಖಲು ಮಾಡುವ ಪುಟ್ಟ ಯಂತ್ರ) ಇಟ್ಟಿದ್ದಾರೆ. ಪೆನ್ನಿನ ಕ್ಯಾಪ್‌ಗಿಂತ ಸಣ್ಣದು. ಬ್ಯಾಟರಿ ಸುಮಾರು 3 ವರ್ಷ ಬರುತ್ತದಂತೆ.

ತೊಂದರೆ ಇರುವುದು ಮಂಚದ ಪಕ್ಕ ಇಡುವ ಪೆಟ್ಟಿಗೆಯದ್ದು. ರಾತ್ರಿ ಅಪ್ಪ ಮಲಗಿದಾಗ ಅದು ರೆಕಾರ್ಡರ್‌ನಿಂದ ಮಾಹಿತಿ ತೆಗೆದುಕೊಂಡು ಮೊಬೈಲ್ ನೆಟ್‌ವರ್ಕ್‌ನಲ್ಲಿ ಆಸ್ಪತ್ರೆಗೆ ಕಳಿಸಬೇಕು. ನಮ್ಮದು ತೀರ್ಥಹಳ್ಳಿ ಕಡೆ ತೋಟದ ಒಂಟಿ ಮನೆ. ಸಿಗ್ನಲ್ ಸಿಗುವುದು ಬಾವಿಕಟ್ಟೆ ಹತ್ತಿರ ಮಾತ್ರ. ಮಳೆಗಾಲದಲ್ಲಂತೂ ಕರೆಂಟೂ ಇರುವುದಿಲ್ಲ. ಹೆಲ್ಪ್‌ಲೈನ್‌ಗೆ ಮೂರು ಸಲ ಫೋನ್ ಮಾಡಿದೆ, "ಕಿಟಕಿ ಹತ್ತಿರ ಇಡಿ" ಅಂತಾರೆ ಅಷ್ಟೇ.

ಮಲೆನಾಡಲ್ಲಿ ಇದನ್ನು ಬಳಸುತ್ತಿರುವವರು ಇದ್ದೀರಾ? ಸಿಗ್ನಲ್ ಬೂಸ್ಟರ್ ಅಥವಾ ವೈಫೈಯಿಂದ ಕೆಲಸ ಆಯಿತಾ? ವಾರಕ್ಕೊಮ್ಮೆ ಪೇಟೆಗೆ ಪೆಟ್ಟಿಗೆ, ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋಗಿ ಕಳಿಸಿದರೆ ಸಾಕಾ?

ಇನ್ನೊಂದು ಮಾತು. ಅಪ್ಪ ಹೆಗಲ ಮೇಲಿನ ಟವೆಲನ್ನು ಬಲಗಡೆಗೆ ಬದಲಾಯಿಸಿಕೊಂಡಿದ್ದಾರೆ. ದಿನಕ್ಕೆ ಹತ್ತು ಸಲ ಆ ಜಾಗ ಮುಟ್ಟಿ, "ಇದಿದ್ದರೆ ಮತ್ತೆ ಸ್ಟ್ರೋಕ್ ಆಗಲ್ಲ ಅಲ್ವಾ?" ಅಂತ ಕೇಳುತ್ತಾರೆ. ಅದು ಬರೀ ದಾಖಲು ಮಾಡುತ್ತದೆ, ತಡೆಯುವುದಿಲ್ಲ, ಮಾತ್ರೆ ಬಿಡುವಂತಿಲ್ಲ ಅಂತ ಹೆದರಿಸದೆ ಹೇಗೆ ಹೇಳಲಿ? ನಿಮ್ಮ ಮನೆಯಲ್ಲಿ ಹೇಗೆ ಹೇಳಿದಿರಿ, ದಯವಿಟ್ಟು ಬರೆಯಿರಿ.